ಪ್ರಕರಣ: ಅನ್ನ ಬಿಟ್ಟರೂ ಇಳಿಯದ ತೂಕ

ತೂಕ ಇಳಿಸಲು ನಮ್ಮಲ್ಲಿಗೆ ಬಂದ ಮಹಿಳೆ, ವಯಸ್ಸು 36. ಹಾಸನ ಕಡೆಯ ಹಳ್ಳಿಯವರು, ಮದುವೆಯಾಗಿ ಬೆಂಗಳೂರು ಸೇರಿದವರು (ಗುರುತು ಸಿಗದಂತೆ ವಿವರ ಬದಲಿಸಿದೆ). ಎತ್ತರ 158 ಸೆಂ.ಮೀ., ತೂಕ 71 ಕೆ.ಜಿ., ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 28.4, ಸೊಂಟದ ಸುತ್ತಳತೆ 94 ಸೆಂ.ಮೀ. ಭಾರತೀಯರಲ್ಲಿ ಬಿಎಂಐ 25 ಮುಟ್ಟಿದರೇ ಬೊಜ್ಜು ಎನ್ನುತ್ತಾರೆ. ಹೆಂಗಸರ ಸೊಂಟ 80 ದಾಟಬಾರದು.

"ಮಧ್ಯಾಹ್ನ ಅನ್ನ ಬಿಟ್ಟು ಎರಡು ತಿಂಗಳಾಯ್ತು ಮೇಡಂ, ಒಂದು ಕೆ.ಜಿ.ನೂ ಇಳಿದಿಲ್ಲ." ಮನೆಯಲ್ಲಿ ಅತ್ತೆಯ ಟೀಕೆ ಬೇರೆ: ಬಾಯಿ ಕಟ್ಟಲ್ಲ ಅಂತ.

ಬಾಯಿಚಪಲವೇ ಕಾರಣವಾಗಿದ್ದರೆ ದೇಶದ ಲೆಕ್ಕ ಹೀಗೆ ಏರುತ್ತಿರಲಿಲ್ಲ. ಬಿಎಂಐ 25 ಮುಟ್ಟಿದ ಮಹಿಳೆಯರು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 20.6 ಇದ್ದರು, 2019–21ರಲ್ಲಿ ಶೇ. 24. ಈಕೆಗೂ ಹೊಲದ ಕೆಲಸ, ನೀರು ಹೊರುವುದು ನಿಂತುಹೋಗಿದೆ. ಮಿಕ್ಸಿ, ಲಿಫ್ಟ್, ಸ್ಕೂಟರ್ ಬಂದಿವೆ.

ತಟ್ಟೆಗಿಂತ ದಿನಸಿ ಚೀಟಿ ಹೆಚ್ಚು ಹೇಳಿತು. ನಾಲ್ಕು ಜನಕ್ಕೆ ತಿಂಗಳಿಗೆ 5 ಲೀಟರ್ ಎಣ್ಣೆ. ಅಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, 340 ಕ್ಯಾಲೊರಿ. ಐದು ಲೋಟ ಟೀಗೆ ಎರಡೆರಡು ಚಮಚ ಸಕ್ಕರೆ, 50 ಗ್ರಾಂ, ಇನ್ನೊಂದು 200 ಕ್ಯಾಲೊರಿ. ಮಧ್ಯಾಹ್ನ ಉಪವಾಸ ಬಿದ್ದದ್ದಕ್ಕೆ ಸಂಜೆ ಆರಕ್ಕೆ ಬೇಕರಿಯ ಪಫ್ಸ್. ಜೊತೆಗೆ ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು.

ಎರಡನೇ ಭೇಟಿಗೆ ಗಂಡ, ಅತ್ತೆಯನ್ನೂ ಕರೆಸಿದೆವು. ಒಬ್ಬರಿಗೆ ಬೇರೆ ಪಥ್ಯ ಮಾಡಿದರೆ ಅದು ಹದಿನೈದು ದಿನ ನಡೆಯುವುದೂ ಕಷ್ಟ. ತಿಂಗಳಿಗೆ 3 ಲೀಟರ್ ಎಣ್ಣೆ ಒಂದು ಡಬ್ಬಿಯಲ್ಲಿ. ಪಾಕೆಟ್‌ನಿಂದ ನೇರ ಬಾಣಲೆಗೆ ಸುರಿಯಬಾರದು, ಚಮಚದಲ್ಲಿ ಅಳೆಯಬೇಕು. ಡಬ್ಬಿ ಬೇಗ ಖಾಲಿಯಾದರೆ ಪೂರಿ, ಬಜ್ಜಿ ಎಷ್ಟು ಸಲ ಕರಿದಿರಿ ಎಂದು ಎಣಿಸಿ. ಟೀ ಮೂರು ಲೋಟ, ಒಂದೊಂದೇ ಚಮಚ ಸಕ್ಕರೆ. ಮಧ್ಯಾಹ್ನದ ಊಟ ಮತ್ತೆ ಶುರು: ಒಂದು ಬಟ್ಟಲು ಅನ್ನ ಅಥವಾ ಸಣ್ಣ ಮುದ್ದೆ, ಗಟ್ಟಿ ಬೇಳೆಯ ಸಾರು ಇಲ್ಲವೇ ಮೊಟ್ಟೆ, ಎರಡು ಬಟ್ಟಲು ಪಲ್ಯ. ಮುದ್ದೆ ತಿಂದರೆ ಬೊಜ್ಜು ಕರಗುತ್ತದೆಂದು ಎರಡು ಹಾಕಿಕೊಳ್ಳುವವರಿದ್ದಾರೆ. ರಾಗಿಯಲ್ಲಿ ನಾರಿನಂಶ ಹೆಚ್ಚು, ನಿಜ. ಕ್ಯಾಲೊರಿ ಅಕ್ಕಿಗೆ ಹತ್ತಿರವೇ.

ಊಟವಾದ ಮೇಲೆ 15 ನಿಮಿಷದಂತೆ ದಿನಕ್ಕೆ ಎರಡು ಸಲ ನಡಿಗೆ, ಆಮೇಲೆ ಹೆಚ್ಚಿಸುವುದು. ತೂಕ ವಾರಕ್ಕೊಮ್ಮೆ ಮಾತ್ರ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ಮುಟ್ಟಿನ ದಿನಗಳಲ್ಲಿ ನೀರು ತುಂಬಿ ಒಂದು ಕೆ.ಜಿ. ಜಾಸ್ತಿ ತೋರಿಸಬಹುದು; ಅದನ್ನು ಕಂಡು ಊಟ ಬಿಡಬೇಡಿ.

ಗುರಿ ಆರು ತಿಂಗಳಲ್ಲಿ ಮೂರೂವರೆ ಕೆ.ಜಿ. ಥೈರಾಯ್ಡ್, ಸಕ್ಕರೆ ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದ್ದೇವೆ. ಮೂರು ತಿಂಗಳಾದರೂ ಸೊಂಟದಳತೆ ಕದಲದಿದ್ದರೆ ದಿನಸಿ ಚೀಟಿ ಹಿಡಿದು ಮತ್ತೆ ಬರಬೇಕು, ಮನೆಯವರೊಂದಿಗೆ.