ಶನಿವಾರ ಆ ಟ್ರಕ್‌ಗೆ ಬ್ಯಾಟರಿ ಹಾಕಬೇಡಿ ಮಾರಾಯ್ರೇ

"1969ರ ಫೋರ್ಡ್ ಎಫ್-100 ಪಿಕಪ್, 390 ಘನ ಇಂಚಿನ ಇಂಜಿನ್, ಓಹಾಯೊದಲ್ಲಿ ಒಬ್ಬರ ಬಾರ್ನ್‌ನಲ್ಲಿ 2010ರಿಂದ ನಿಂತಿದೆ, ನಿಲ್ಲಿಸುವಾಗ ಓಡುತ್ತಿತ್ತಂತೆ, 5,500 ಡಾಲರ್. ಶನಿವಾರ ಬ್ಯಾಟರಿ, ಐದು ಗ್ಯಾಲನ್ ಪೆಟ್ರೋಲ್ ತಗೊಂಡು ಹೋಗಿ, ಸ್ಟಾರ್ಟ್ ಮಾಡಿ ಓಡಿಸಿಕೊಂಡೇ ಮನೆಗೆ ಬರ್ತೀನಿ" ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ಒಬ್ಬರೂ ಬೇಡ ಅಂದಿಲ್ಲ. ನಾನು ಅಂತೀನಿ. ಬೇಡ.

ಇದೇ ಕೆಲಸ ನಾನು ಮಾಡಿದ್ದೇನೆ. ನನ್ನದು 1970ರದ್ದು, 360 ಇಂಜಿನ್, ಹನ್ನೊಂದು ವರ್ಷ ನಿಂತಿದ್ದ ಗಾಡಿ. ಟ್ಯಾಂಕ್‌ನಲ್ಲಿ ಅರ್ಧ ಹಳೇ ಪೆಟ್ರೋಲ್ ಇತ್ತು. ಮೇಲೆ ಹೊಸದು ಸುರಿದರೆ ಬೆರೆತು ಸರಿಹೋಗುತ್ತದೆ ಅಂದುಕೊಂಡೆ. ಕಾರ್ಬುರೇಟರ್ ಬಾಯಿಗೆ ಒಂದು ಗುಟುಕು ಹಾಕಿ ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಹೊತ್ತಿಕೊಂಡಿತು. ವಿಡಿಯೊ ಮಾಡಿ ತೀರ್ಥಹಳ್ಳಿಯ ಅಣ್ಣನಿಗೆ ಕಳಿಸಿದೆ. ಇಪ್ಪತ್ತು ನಿಮಿಷ ಅಂಗಳದಲ್ಲಿ ಓಡಿಸಿ, ಆಫ್ ಮಾಡಿ, ರಾತ್ರಿ ಖುಷಿಯಲ್ಲಿ ಮಲಗಿದೆ.

ಬೆಳಿಗ್ಗೆ ಕ್ರ್ಯಾಂಕ್ ಮಾಡಿದರೆ ಟಕಟಕ ಅಂತ ಸದ್ದು, ಎಂಟರಲ್ಲಿ ಮೂರು ಸಿಲಿಂಡರ್ ಸತ್ತಿವೆ. ವಾಲ್ವ್ ಕವರ್ ಬಿಚ್ಚಿದೆ. ಮೂರು ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಉದ್ದನೆಯ ಕಡ್ಡಿ) ಬಗ್ಗಿದ್ದವು. ಮೂರೂ ಇಂಟೇಕ್ ಕಡೆಯವೇ, ಅಂದರೆ ಪೆಟ್ರೋಲ್ ಒಳಗೆ ಬರುವ ವಾಲ್ವ್‌ನವು.

ಆಗಿದ್ದು ಇಷ್ಟೇ. ಕೆಟ್ಟ ಪೆಟ್ರೋಲ್ ಹಲಸಿನ ಮೇಣದ ಜಾತಿಯದು. ಬಿಸಿ ಇರುವಾಗ ನೀರಾಗಿ ಹರಿಯುತ್ತದೆ, ತಣ್ಣಗಾದ ಮೇಲೆ ಕಚ್ಚಿಕೊಳ್ಳುತ್ತದೆ. ಇಂಟೇಕ್ ವಾಲ್ವ್‌ನ ಕಾಂಡದ ಮೇಲೆ ಅದು ಕೂತು, ರಾತ್ರಿ ಇಂಜಿನ್ ಆರಿದಾಗ ವಾಲ್ವ್ ತಾನು ಜಾರುವ ಗೈಡ್ ಕೊಳವೆಯಲ್ಲೇ ಹಿಡಿದುಕೊಂಡಿತು. ಬೆಳಿಗ್ಗೆ ಕ್ಯಾಮ್ ತಳ್ಳಿತು, ವಾಲ್ವ್ ಅಲ್ಲಾಡಲಿಲ್ಲ, ನಡುವೆ ಸಿಕ್ಕ ಪುಶ್‌ರಾಡ್ ಬಗ್ಗಿತು. ಸ್ಟಾರ್ಟ್ ಆಯಿತಲ್ಲ, ಇನ್ನೇನು ಭಯ ಅಂತ ಅಂದುಕೊಳ್ಳಬೇಡಿ. ಸ್ಟಾರ್ಟ್ ಆಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಆ ಗಾಡಿ ಅವತ್ತು ಹಟ ಮಾಡಿ ಕೂತಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಪುಶ್‌ರಾಡ್ ಮಾತ್ರ ಆಗಿದ್ದರೆ ವಾಲ್ವ್ ಒತ್ತುವ ರಾಕರ್‌ಗಳ ಶಾಫ್ಟ್ ಬಿಚ್ಚಿ ಮೇಲಿಂದಲೇ ಎಳೆಯಬಹುದಿತ್ತು. ಒಂದು ಲಿಫ್ಟರ್ (ಪುಶ್‌ರಾಡ್ ಅಡಿಗೆ ಕ್ಯಾಮ್ ಮೇಲೆ ಕೂರುವ ತುಂಡು) ಕೂಡ ಜಾಗ ಬಿಟ್ಟಿತ್ತು. ಅಂದರೆ ಇಂಟೇಕ್ ಮ್ಯಾನಿಫೋಲ್ಡ್ ಎತ್ತಲೇಬೇಕು. ಎಫ್‌ಇ ಇಂಜಿನ್‌ನ (360, 390 ಎರಡೂ ಇದೇ ಫೋರ್ಡ್ ಕುಟುಂಬದವು) ಇಂಟೇಕ್ ನೋಡಿದ್ದೀರಲ್ಲ? ಎರಡೂ ವಾಲ್ವ್ ಕವರ್ ಅಡಿಗೆ ಕೈ ಚಾಚಿಕೊಂಡ ಕಬ್ಬಿಣದ ಬಂಡೆ ಅದು. ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿದು ವಾರ ಮಲಗಿದೆ. ಆಮೇಲೆ ಹೆಡ್‌ಗಳೂ ಮಶೀನ್ ಶಾಪ್‌ಗೆ ಹೋದವು. ಐದು ತಿಂಗಳು, 1,400 ಡಾಲರ್. "ಇಷ್ಟಕ್ಕೆ ಊರಿಗೆ ಹೋಗಿ ಬರಬಹುದಿತ್ತು" ಅಂತ ಮನೆಯವಳು ಈಗಲೂ ಹೇಳುತ್ತಾಳೆ.

ಈಗ ನಾನು ಮಾಡುವ ಕ್ರಮ ಕೇಳಿ. ಗಾಡಿಯ ಟ್ಯಾಂಕ್ ಮುಟ್ಟುವುದೇ ಇಲ್ಲ. ದೋಣಿಯ ಔಟ್‌ಬೋರ್ಡ್ ಮೋಟರ್‌ಗೆ ಬಳಸುವ ಆರು ಗ್ಯಾಲನ್‌ನ ಕೆಂಪು ಟ್ಯಾಂಕ್ ಒಂದಿದೆ. ಅದರ ಪೈಪನ್ನು ನೇರ ಫ್ಯೂಯೆಲ್ ಪಂಪ್‌ಗೆ ಕೊಡುತ್ತೇನೆ. ಅದಕ್ಕೂ ಮೊದಲು ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಮಾರ್ವೆಲ್ ಮಿಸ್ಟರಿ ಆಯಿಲ್ (ಕಚ್ಚಿದ್ದನ್ನು ಸಡಿಲಿಸುವ ತೆಳು ಎಣ್ಣೆ) ಬಿಟ್ಟು ಮೂರು ದಿನ ಸುಮ್ನೆ ಇರುತ್ತೇನೆ. ನಾಲ್ಕನೇ ದಿನ ಕ್ರ್ಯಾಂಕ್ ಬೋಲ್ಟ್‌ಗೆ ಬ್ರೇಕರ್ ಬಾರ್ ಹಾಕಿ ಕೈಯಲ್ಲೇ ತಿರುಗಿಸುವುದು. ವಾಲ್ವ್ ಕವರ್ ಬಿಚ್ಚಿರಬೇಕು. ಎರಡು ಪೂರ್ತಿ ಸುತ್ತಿನಲ್ಲಿ ಹದಿನಾರೂ ರಾಕರ್ ಇಳಿದು ಏರುವುದನ್ನು ಕಣ್ಣಾರೆ ನೋಡಬೇಕು. ಒಂದು ಏರಲಿಲ್ಲವೋ, ನಿಲ್ಲಿಸಿ, ಕಾಂಡಕ್ಕೆ ಎಣ್ಣೆ ಬಿಟ್ಟು ನಾಳೆ ಬನ್ನಿ. ಬಲ ಹಾಕಬೇಡಿ. ಪಿಸ್ಟನ್ನೇ ಕಚ್ಚಿದ್ದರೆ ಕೆಲವರು ಅಸಿಟೋನ್ ಮತ್ತು ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಎಣ್ಣೆ) ಸಮ ಬೆರೆಸಿ ಬಿಡುತ್ತಾರೆ. ಕೆಲಸ ಮಾಡುತ್ತದೆ, ಆದರೆ ಆ ಹೊತ್ತಿನಲ್ಲಿ ಸುತ್ತಮುತ್ತ ಕಿಡಿ ಬೇಡ. ಕೊನೆಗೆ ಪ್ಲಗ್ ಇಲ್ಲದೆ ಸ್ಟಾರ್ಟರ್ ಹೊಡೆದು ಆಯಿಲ್ ಪ್ರೆಶರ್ ಬಂದ ಮೇಲೇ ಪ್ಲಗ್ ಹಾಕುವುದು. ಆಯಿಲ್ ಕೂಡ ಹೊಸದು. ಲಿಫ್ಟರ್ ಉಜ್ಜಿಕೊಂಡೇ ಓಡುವ ಈ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಸವೆಯದಿರಲು ಆಯಿಲ್‌ನಲ್ಲಿ ಜಿಂಕ್ ಬೇಕು. ನಾನು ವ್ಯಾಲ್ವೊಲಿನ್ ವಿಆರ್1 ಬಿಟ್ಟು ಬೇರೆ ಹಾಕಿಲ್ಲ, ಹಾಕುವುದೂ ಇಲ್ಲ.

ಈ ಟ್ರಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬ್ (ಚಾಲಕ ಕೂರುವ ಗೂಡು) ಒಳಗೆ, ಸೀಟಿನ ಬೆನ್ನ ಹಿಂದೆ. ಹಳೇ ರಬ್ಬರ್ ಪೈಪ್ ಒಡೆದರೆ ವಾಸನೆ ನಿಮ್ಮ ಪಕ್ಕದಲ್ಲೇ ಕೂತಿರುತ್ತದೆ. ಪೈಪ್ ಎಲ್ಲ ಬದಲಿಸಿ. ಈಗಿನ ಎಥನಾಲ್ ಪೆಟ್ರೋಲ್‌ಗೆ 30ಆರ್9 ಅಂತ ಬರೆದಿರುವ ಪೈಪ್ ತಗೊಳ್ಳಿ, 30ಆರ್7 ಬೇಡ. ಟ್ಯಾಂಕ್ ಒಳಗೆ ಸೀಲರ್ ಬಳಿಯುವವರ ಮಾತು ಕೇಳಬೇಡಿ. ತುಕ್ಕು ಸ್ವಲ್ಪ ಇದ್ದರೆ ಅದನ್ನು ಕರಗಿಸುವ ಇವ್ಯಾಪೊ-ರಸ್ಟ್, ಜಾಸ್ತಿ ಇದ್ದರೆ ಹೊಸ ಟ್ಯಾಂಕ್.

ಇನ್ನು ಆ "390". ಮಾರುವವರ ಬಾಯಲ್ಲಿ ಎಲ್ಲ 360 ಕೂಡ 390ನೇ. ಹೊರಗಿಂದ ಎರಡೂ ಒಂದೇ ಥರ. ಬೋರ್ (ಸಿಲಿಂಡರಿನ ಅಗಲ) ಒಂದೇ, 4.05 ಇಂಚು. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 360ಕ್ಕೆ 3.50, 390ಕ್ಕೆ 3.78. ಪ್ಲಗ್ ತೆಗೆದಾಗ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ ಪಿಸ್ಟನ್ ಎಷ್ಟು ಏರಿಳಿಯುತ್ತದೆ ಅಂತ ಗುರುತು ಹಾಕಿಕೊಳ್ಳಿ. ತೂತು ಓರೆ ಇರುವುದರಿಂದ ಅಳತೆ ಕರಾರುವಾಕ್ಕಾಗಿ ಬರಲ್ಲ, ಆದರೆ ಕಾಲು ಇಂಚಿನ ಅಂತರ ತಿಳಿಯುತ್ತದೆ. ಮರದ ಕಡ್ಡಿ ಬೇಡ, ಒಳಗೆ ಮುರಿದರೆ ಅದು ಇನ್ನೊಂದು ಕಥೆ. ಬಾಗಿಲಿನ ಪ್ಲೇಟ್‌ನಲ್ಲಿರುವ ಗಾಡಿ ನಂಬರಿನಲ್ಲಿ ಎಫ್10 ಆದ ಮೇಲೆ ವೈ ಇದ್ದರೆ 360, ಎಚ್ ಇದ್ದರೆ 390. ಅದು ಕಾರ್ಖಾನೆಯಿಂದ ಬಂದಾಗಿನ ಲೆಕ್ಕ. ಐವತ್ತು ವರ್ಷದಲ್ಲಿ ಇಂಜಿನ್ ಬದಲಾಗಿರಬಹುದು, ಬಾಗಿಲೂ ಬದಲಾಗಿರಬಹುದು. ಬಲಗಡೆ ಫ್ರೇಮ್ ಮೇಲೆ ಕೊರೆದ ನಂಬರನ್ನು ವೈರ್ ಬ್ರಷ್‌ನಿಂದ ಉಜ್ಜಿ ಟೈಟಲ್ (ಮಾಲೀಕತ್ವದ ಪತ್ರ) ಜೊತೆ ಹೋಲಿಸಿ. ಟೈಟಲ್‌ನಲ್ಲಿರುವ ಹೆಸರು ಮಾರುವವರದ್ದೇ ಆಗಿರಬೇಕು. "ಮಾವನ ಹೆಸರಲ್ಲಿದೆ, ಆಮೇಲೆ ಮಾಡಿಸಿಕೊಡ್ತೀನಿ" ಅಂದರೆ ಕೈಮುಗಿದು ಬನ್ನಿ.

ನಿಮ್ಮ ಎರಡನೇ ಫೋಟೊ ನನಗೆ ಹಿಡಿಸಿಲ್ಲ. ಮೇಲೆ ಐವತ್ತು ವರ್ಷದ ಮಂಕು ಬಣ್ಣ, ಅಡಿಗೆ ಮಾತ್ರ ನಿನ್ನೆ ಬಳಿದ ಹಾಗೆ ಕಪ್ಪಗೆ ಮಿಂಚುವ ಅಂಡರ್‌ಕೋಟ್. ಓಹಾಯೊ ರಸ್ತೆಯ ಉಪ್ಪು ತಿಂದ ಗಾಡಿಗೆ ಇದು ಯಾಕೆ ಅಂತ ಕೇಳಬೇಕಲ್ವಾ? ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿ ನೋಡಿ. ಕ್ಯಾಬ್ ಮೌಂಟ್ (ಕ್ಯಾಬ್ ಫ್ರೇಮ್ ಮೇಲೆ ಕೂರುವ ಜಾಗ), ಕ್ಯಾಬ್‌ನ ಮೂಲೆಗಳು, ರೇಡಿಯೇಟರ್ ಸಪೋರ್ಟ್, ಮಳೆನೀರು ಇಳಿಯುವ ಡ್ರಿಪ್ ರೇಲ್. ಟಣ್ ಅಂದರೆ ತಗಡು, ದಬ್ ಅಂದರೆ ಬಾಂಡೊ (ತೂತು ಮುಚ್ಚುವ ಪುಟ್ಟಿ) ಇಲ್ಲವೇ ತುಕ್ಕು. ರಬ್ಬರ್ ಮ್ಯಾಟ್ ಎತ್ತಿಸಿ. ತಟ್ಟಬೇಡಿ ಅಂದರೆ ಅದೇ ಉತ್ತರ. ಇಂಜಿನ್ ಎಷ್ಟೇ ಕೆಟ್ಟಿದ್ದರೂ ಸಿಗುತ್ತದೆ, ಕ್ಯಾಬ್ ಕೊಳೆತರೆ ಮುಗಿಯಿತು. ಇದೇ ದುಡ್ಡಿಗೆ ಅರಿಜೋನಾ, ನ್ಯೂ ಮೆಕ್ಸಿಕೊ ಕಡೆ ಡ್ಯಾಶ್ ಸೀಳಿದ, ಬಣ್ಣ ಸುಟ್ಟ, ಇಂಜಿನ್ ಓಡದ ಗಾಡಿ ಸಿಕ್ಕರೂ ನಾನು ಅದನ್ನೇ ತಗೊಳ್ಳುವುದು. ಟ್ರೇಲರ್ ಖರ್ಚು ಸೇರಿಸಿದರೂ ಸರಿ.

ಮೇಲೆ ಒಬ್ಬರು "ತಂದ ಕೂಡಲೇ ಹೊಸ ಪೇಂಟ್" ಅಂದಿದ್ದಾರೆ. ದಯವಿಟ್ಟು ಬೇಡ. ಆ ಬಣ್ಣ ಕಾರ್ಖಾನೆಯದ್ದೇ ಆದರೆ ನಿಮ್ಮದು ಸರ್ವೈವರ್, ಅಂದರೆ ಮೂಲ ರೂಪದಲ್ಲೇ ಉಳಿದ ಗಾಡಿ. ಒಮ್ಮೆ ಉಜ್ಜಿ ತೆಗೆದ ಮೇಲೆ ಅದು ಇನ್ನೊಂದು ಪ್ರಾಜೆಕ್ಟ್ ಗಾಡಿ, ಅಷ್ಟೇ. ಹಾಗೆಯೇ ಅದರ ಮೇಲಿರುವ ಎರಡು ಬಾಯಿಯ ಕಾರ್ಬುರೇಟರ್ ಕಿತ್ತು ಹೊಳೆಯುವ ನಾಲ್ಕು ಬಾಯಿಯದು ಕೂರಿಸುವ ಆಸೆ ಬೇಡ. ಆ ಎರಡು ಬಾಯಿಯ ಆಟೊಲೈಟ್ 2100ಗಿಂತ ಸಾಧು ಕಾರ್ಬುರೇಟರ್ ನಾನು ಕಂಡಿಲ್ಲ. ಒಂದು ಕಿಟ್, ಒಂದು ಭಾನುವಾರ ಸಾಕು.

ಓಡಿಸಿಕೊಂಡು ಬರುವ ಮಾತಂತೂ ಬಿಡಿ. ನಾಲ್ಕೂ ಕಡೆ ಡ್ರಮ್ ಬ್ರೇಕ್, ಹದಿನೈದು ವರ್ಷದ ರಬ್ಬರ್. 1967ರ ನಂತರದ್ದಾದ್ದರಿಂದ ಮಾಸ್ಟರ್ ಸಿಲಿಂಡರ್ ಎರಡು ಭಾಗದ್ದು, ನಿಜ. ಆದರೆ ಎರಡೂ ಭಾಗ ಒಣಗಿದ್ದರೆ ಏನು ಉಪಯೋಗ? ಟೈರ್ ಪಕ್ಕದ ಡಾಟ್ (DOT) ನಂಬರಿನ ಕೊನೇ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಉಳಿದೆರಡು ವರ್ಷ. ಮೂರೇ ಅಂಕಿ ಇದ್ದರೆ ಆ ಟೈರ್ 2000ಕ್ಕೂ ಹಿಂದಿನದು. ಟ್ರೇಲರ್ ಬಾಡಿಗೆಗೆ ಹಿಡಿಯಿರಿ.

ಮತ್ತೆ ಇಲಿ. ಹೀಟರ್ ಡಬ್ಬದೊಳಗೆ, ಏರ್ ಕ್ಲೀನರ್‌ನಲ್ಲಿ ಗೂಡು ಇದ್ದೇ ಇರುತ್ತದೆ. ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ, ಹಂಟಾವೈರಸ್ ಅಪಾಯ ಇದೆ. ಬ್ಲೀಚ್ ಬೆರೆಸಿದ ನೀರು ಚೆನ್ನಾಗಿ ಚಿಮುಕಿಸಿ, ಐದು ಹತ್ತು ನಿಮಿಷ ನೆನೆಯಲು ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಆಮೇಲೂ ಗೂಡು ಪೂರ್ತಿ ಹೋಗುವವರೆಗೆ ಬ್ಲೋವರ್ ಆನ್ ಮಾಡಬೇಡಿ.

ಶನಿವಾರ ಹೋಗಿ, ಆದರೆ ಬ್ಯಾಟರಿ ಮನೆಯಲ್ಲಿರಲಿ. ಟಾರ್ಚ್, ಸ್ಕ್ರೂಡ್ರೈವರ್, ವೈರ್ ಬ್ರಷ್ ಸಾಕು. ಕ್ಯಾಬ್ ಮೌಂಟ್ ಮತ್ತು ಫ್ರೇಮ್ ನಂಬರಿನ ಫೋಟೊ ಇಲ್ಲಿ ಹಾಕಿ, ಅಡ್ವಾನ್ಸ್ ಕೊಡುವ ಮೊದಲು.