ಕಾಸರಗೋಡಿನ ಪಂಚಾಯತಿನಲ್ಲಿ ದಿನಗೂಲಿಗೆ ಇರುವವರಿಗೂ ಸಂಬಳ ಸಹಿತ ಹೆರಿಗೆ ರಜೆ ಉಂಟಾ?

ಉಂಟು. ಆದರೆ ಕೇಳಿ ಪಡೆಯಬೇಕು.

ಖಾಯಂ ನೌಕರರ ವಿಷಯದಲ್ಲಿ ಗೊಂದಲವಿಲ್ಲ. ಅವರಿಗೆ ಕೇರಳ ಸರ್ವೀಸ್ ರೂಲ್ಸ್ ಪ್ರಕಾರ 180 ದಿನ ಹೆರಿಗೆ ರಜೆ, ಗಂಡಸರಿಗೆ 10 ದಿನ ಪಿತೃತ್ವ ರಜೆ. ಕಾಯಿಲೆ ಬಿದ್ದರೆ ವರ್ಷಕ್ಕೆ 20 ದಿನದಂತೆ ಕೂಡಿಬಂದ ಅರ್ಧ ಸಂಬಳದ ರಜೆಯನ್ನು ಪೂರ್ತಿ ಸಂಬಳಕ್ಕೆ ಬದಲಾಯಿಸಬಹುದು. ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ.

ದಿನಗೂಲಿಯವರು ಹಿಡಿದುಕೊಳ್ಳಬೇಕಾದ್ದು 2000ದ ಸುಪ್ರೀಂ ಕೋರ್ಟ್ ತೀರ್ಪನ್ನು. ದೆಹಲಿ ಮಹಾನಗರಪಾಲಿಕೆ ತನ್ನ ಮಸ್ಟರ್ ರೋಲ್ (ದಿನಗೂಲಿ ಹಾಜರಿ ಪಟ್ಟಿ) ಹೆಂಗಸರಿಗೆ ಹೆರಿಗೆ ಸೌಲಭ್ಯ ಕೊಡುವುದಿಲ್ಲ ಎಂದಿತ್ತು. ಖಾಯಂ ಅಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದಿತು ಕೋರ್ಟು. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ ಈಗ ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ. ಹಾಗಾಗಿ ಹಾಜರಿ ಪುಸ್ತಕದ ಪುಟಗಳ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಹಿಂಬರಹ ಮಲಯಾಳದಲ್ಲಿ ಬಂದರೆ ಅದು ಬೇರೆ ಜಗಳ!

ನಿಜವಾಗಿ ಹೊರಗುಳಿದವರು ಹರಿತ ಕರ್ಮ ಸೇನೆಯ ಅಕ್ಕಂದಿರು. ಗೋಣಿ ಹೊತ್ತು ಅಂಗಳಕ್ಕೆ ಬಂದು, ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ, ತಿಂಗಳಿಗೆ 50 ರೂಪಾಯಿ ತೆಗೆದುಕೊಂಡು ಪ್ಲಾಸ್ಟಿಕ್ ಒಯ್ಯುತ್ತಾರಲ್ಲ, ಅವರೇ. ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಜಾಲ ಕುಟುಂಬಶ್ರೀ ಮೂಲಕ ಸೇರಿದ ಅವರು ದಾಖಲೆಯಲ್ಲಿ ಪಂಚಾಯತಿನ ನೌಕರರಲ್ಲ, ವರಮಾನ ಬರುವುದು ಮುಖ್ಯವಾಗಿ ಆ ಶುಲ್ಕದಿಂದ. ಜ್ವರ ಬಂದು ಮಲಗಿದರೆ ರಜೆಯೆಂಬ ಮಾತೇ ಇಲ್ಲ. ಸಂಬಳ ಸಹಿತ ರಜೆಯ ವಿಸ್ತರಣೆ ಆಗಬೇಕಿದ್ದರೆ ನನ್ನ ಪ್ರಕಾರ ಮೊದಲು ಅಲ್ಲಿಗೆ.