ಪರ್ಷಿಯಾದ ಮಿತ್ರ ದೇವರು ರೋಮನ್ನರ ದೇವರಾಗಿದ್ದು ಹೇಗೆ?

ಹೆಸರು, ವೇಷ ಪರ್ಷಿಯಾದ್ದು. ಆದರೆ ಪೂಜೆಯ ಪದ್ಧತಿಯನ್ನು ಬಹುಮಟ್ಟಿಗೆ ರೋಮನ್ನರೇ ಕಟ್ಟಿಕೊಂಡರು.

ಪರ್ಷಿಯಾದಲ್ಲಿ ಮಿತ್ರ ಎಂದರೆ ಕೊಟ್ಟ ಮಾತು ಕಾಯುವ ದೇವರು. ನಮ್ಮ ಋಗ್ವೇದದ ಮಿತ್ರನಿಗೂ ಅವನಿಗೂ ಬೇರು ಒಂದೇ. ರೋಮ್‌ನಲ್ಲಿ ಅವನು ಮಿತ್ರಾಸ್ ಆಗಿ ಕಾಣಿಸುವುದು ಕ್ರಿ.ಶ. 1ನೇ ಶತಮಾನದ ಕೊನೆಗೆ. ಅಲ್ಲಿನ ಪ್ರತಿ ಗುಡಿಯಲ್ಲೂ ಒಂದೇ ಚಿತ್ರ: ಪೂರ್ವದೇಶದ ಟೋಪಿ ಹಾಕಿದ ಯುವಕ ಗೂಳಿಯ ಬೆನ್ನಿಗೆ ಮಂಡಿಯೂರಿ ಕತ್ತಿ ಇರಿಯುತ್ತಿದ್ದಾನೆ. ವಿಚಿತ್ರ ಅಂದರೆ, ಮಿತ್ರ ಗೂಳಿ ಕೊಂದ ಕಥೆ ಪರ್ಷಿಯಾದ ಗ್ರಂಥಗಳಲ್ಲಿ ಸಿಗುವುದೇ ಇಲ್ಲ!

ಇಷ್ಟು ಸಲೀಸಾಗಿ ಬೆರೆತದ್ದು ಯಾಕೆ? ಹೊಸ ದೇವರನ್ನು ನಂಬಲು ಹಳೆಯವರನ್ನು ಬಿಡಬೇಕು ಎಂಬ ನಿಯಮ ರೋಮನ್ನರಲ್ಲಿ ಇರಲಿಲ್ಲ. ಜುಪಿಟರ್‌ಗೂ ಕೈಮುಗಿಯಬಹುದು, ಮಿತ್ರಾಸ್‌ನಿಗೂ ನಡೆದುಕೊಳ್ಳಬಹುದು. ಸೈನಿಕರು, ಸುಂಕದ ಕಟ್ಟೆಯ ನೌಕರರು, ಗುಲಾಮರು ಊರಿಂದೂರಿಗೆ ವರ್ಗವಾದಾಗ ಅವನನ್ನೂ ಜೊತೆಗೆ ಒಯ್ದರು. ಬ್ರಿಟನ್‌ವರೆಗೂ ಹೋಯಿತು ಅವನ ಪೂಜೆ. ಗುಹೆಯಂಥ ಪುಟ್ಟ ಕೋಣೆ, ಎರಡು ಬದಿ ಜಗಲಿ, ಒಟ್ಟಿಗೆ ಊಟ. ಸೇರುತ್ತಿದ್ದವರು ಗಂಡಸರು ಮಾತ್ರ. ಅವರಿಗೆ ಏಳು ಮೆಟ್ಟಿಲಿನ ದೀಕ್ಷೆ. ಐದನೆಯದರ ಹೆಸರೇ ‘ಪರ್ಷಿಯನ್’.

ನನಗೆ ಬಹಳ ಇಷ್ಟವಾದದ್ದು ಒಂದು ಪದ. ರೋಮ್‌ನ ಸಾಂತಾ ಪ್ರಿಸ್ಕಾ ಚರ್ಚಿನ ಅಡಿಯಲ್ಲಿ ಸಿಕ್ಕ ಮಿತ್ರಾಸ್ ಗುಡಿಯ ಗೋಡೆಯಲ್ಲಿ ಲ್ಯಾಟಿನ್ ಸಾಲುಗಳ ಮೊದಲಿಗೆ ‘ನಾಮ’ ಎಂದಿದೆ. ಅದು ಪರ್ಷಿಯನ್ ಮಾತು, ಅರ್ಥ ‘ವಂದನೆ’. ನಮ್ಮ ‘ನಮಃ’ದ ನಂಟೇ ಅಲ್ವಾ!